ಅಂತರ್ಮುಖಿ ಈಗ ಬಹಿರ್ಮುಖಿ: ಬದಲಾಗಿದ್ದು ಸ್ವಭಾವವೋ, ಟೆಸ್ಟೋ?
ಸ್ವಭಾವದ ಟೆಸ್ಟ್‌ನಲ್ಲಿ ಹೋದ ವರ್ಷ ಅಂತರ್ಮುಖಿ, ಈಗ ಬಹಿರ್ಮುಖಿ ಅಂತ ಬಂದಿದೆ, ಸ್ವಭಾವ ಹುಟ್ಟಿನಿಂದಲೇ ಬರೋದಲ್ವಾ ಅಂತ ಕೇಳಿದ್ದೀರಿ. ಎಂಬಿಟಿಐ (ಸ್ವಭಾವಕ್ಕೆ ಅಕ್ಷರಗಳ ಹೆಸರು ಕೊಡೋ ಪ್ರಶ್ನಾವಳಿ) ಥರದ ಟೆಸ್ಟ್ ಅಂಕಗಳ ನಡುವೆ ಗೆರೆ ಎಳೆದು ಎರಡೇ ಗುಂಪು ಮಾಡುತ್ತೆ. ಗೆರೆಯ ಹತ್ತಿರ ಇರೋರು ಒಂದೆರಡು ಉತ್ತರ ಬದಲಿಸಿದರೂ ಆಚೆ ಬದಿಗೆ ಹೋಗ್ತಾರೆ. ಅಂತರ್ಮುಖಿಗೆ I, ಬಹಿರ್ಮುಖಿಗೆ E ಅನ್ನೋ ಅಕ್ಷರ ಬಿಡಿ, ಅಂಕ ನೋಡಿ.

ಅವಳಿಗಳ ಅಧ್ಯಯನಗಳ ಪ್ರಕಾರ ಜನರ ನಡುವಿನ ಸ್ವಭಾವದ ವ್ಯತ್ಯಾಸದಲ್ಲಿ ಸುಮಾರು ಶೇ. 40–50 ವಂಶವಾಹಿಗಳದ್ದು. ನಿಮ್ಮೊಬ್ಬರ ಸ್ವಭಾವದ ಅರ್ಧಕ್ಕೆ ಬೀಗ ಬಿದ್ದಿದೆ ಅಂತ ದಯವಿಟ್ಟು ಓದಬೇಡಿ.

ಬದಲಾಗಬೇಕಿದ್ದರೆ ‘ಜಾಸ್ತಿ ಮಾತಾಡ್ತೀನಿ’ ಅನ್ನೋ ಸಂಕಲ್ಪ ಸಾಲದು. ‘ಲಿಫ್ಟ್‌ನಲ್ಲಿ ಪಕ್ಕದ ಮನೆಯವರು ಸಿಕ್ಕರೆ ನಾನೇ ಮೊದಲು ಮಾತಾಡಿಸ್ತೀನಿ’ ಅಂತ ಬರೆದಿಟ್ಟು, ವಾರಕ್ಕೆ ಇಂಥ ಒಂದೆರಡನ್ನು 15 ವಾರ ಮಾಡಿ. 2019ರಲ್ಲಿ ಪ್ರಕಟವಾದ ಮನಶ್ಶಾಸ್ತ್ರಜ್ಞ ಹಡ್ಸನ್ ತಂಡದ ಅಧ್ಯಯನದಲ್ಲಿ, ಇಂಥ ಕೆಲಸ ಒಪ್ಪಿಕೊಂಡು ಮಾಡದೇ ಬಿಟ್ಟವರು ತಮಗೆ ಬೇಕಿದ್ದ ಬದಲಾವಣೆಯಿಂದ ಹಿಂದಕ್ಕೇ ಸರಿದಿದ್ದರು. ಅದಕ್ಕೇ ಖಂಡಿತ ಮಾಡಬಲ್ಲಷ್ಟು ಸಣ್ಣದನ್ನೇ ಆರಿಸಿಕೊಳ್ಳಿ.