ನಿಮ್ಮ ಗೆಡ್ಡೆ ಸತ್ತಿಲ್ಲ, ಮಲಗಿದೆ

ಪ್ರಶ್ನೆ: ಜನವರಿಯಲ್ಲಿ ಜೋಯಿಡಾ ಕಡೆ ಹೋಗಿದ್ದೆವು. ಅಲ್ಲಿ ಒಳಗೆಲ್ಲಾ ನೇರಳೆ ಬಣ್ಣ ಇರೋ ಗೆಣಸು ಮಾರುತ್ತಿದ್ದರು. ನೋಡಿ ಆಸೆಯಾಗಿ ಎರಡು ತಂದು ಕುಂಡದಲ್ಲಿ ನೆಟ್ಟೆ, ದಿನಾ ನೀರು ಹಾಕಿದೆ. ಒಂದೂವರೆ ತಿಂಗಳಾದರೂ ಚಿಗುರಿಲ್ಲ. ಕೆದಕಿ ನೋಡಿದರೆ ಒಂದು ಕೊಳೆತು ಲೊಳೆಲೊಳೆ ಆಗಿದೆ, ಇನ್ನೊಂದು ಗಟ್ಟಿ ಇದೆ. ನಮ್ಮ ಕಡೆ ಗೆಣಸಿನ ಬಳ್ಳಿ ತುಂಡು ಮಾಡಿ ನೆಡ್ತಾರಲ್ಲ, ಇದಕ್ಕೂ ಹಾಗೇ ಮಾಡಬೇಕಾ? ನಮಗೆ ಹೊಲ ಇಲ್ಲ, ಟೆರೇಸ್ ಮಾತ್ರ.
ಒಬ್ಬ ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಅಕ್ಕಾರೆ, ಉಳಿದಿರೋ ಆ ಗಟ್ಟಿ ಗೆಡ್ಡೆಯನ್ನು ಇವತ್ತೇ ಮಣ್ಣಿನಿಂದ ತೆಗೆಯಿರಿ. ತೊಳೆಯಬೇಡಿ. ಮಣ್ಣು ಒರೆಸಿ, ಗಾಳಿ ಆಡುವ ನೆರಳಿನ ಜಾಗದಲ್ಲಿ ಇಡಿ. ಫ್ರಿಜ್ ಬೇಡವೇ ಬೇಡ, ಇದು ಬಿಸಿಲು ನಾಡಿನ ಗೆಡ್ಡೆ, ತಂಪಿಗೆ ಒಳಗೇ ಹಾಳಾಗುತ್ತದೆ.

ಇದು ನಾವು ಏಕಾದಶಿಗೆ ಕುದಿಸುವ ಗೆಣಸಲ್ಲ. ಬೇರೆ ಕುಲದ್ದೇ. ಇದರ ಸಸ್ಯಶಾಸ್ತ್ರದ ಹೆಸರು ಡಯೋಸ್ಕೋರಿಯಾ ಅಲಾಟಾ, ಫಿಲಿಪೀನ್ಸ್‌ನಲ್ಲಿ ಉಬೆ ಅಂತಾರೆ, ಅಲ್ಲಿ ಸಿಹಿತಿಂಡಿಗೆ ಹಾಕ್ತಾರೆ. ಜೋಯಿಡಾದ ಕುಣಬಿ ಜನ ಇಂಥ ಗೆಡ್ಡೆಗಳನ್ನು ತಲೆಮಾರುಗಳಿಂದ ಉಳಿಸಿಕೊಂಡು ಬಂದಿದ್ದಾರೆ. ಹಾಗಾಗಿ ನಿಮ್ಮ ಕೈಗೆ ಬಂದಿರೋದು ಸುಮ್ನೆ ಒಂದು ಗೆಡ್ಡೆ ಅಲ್ಲ, ಜೋಪಾನ ಮಾಡಿ. ಇದನ್ನು ಬಳ್ಳಿಯಿಂದಲ್ಲ, ಗೆಡ್ಡೆಯಿಂದಲೇ ಬೆಳೆಸಬೇಕು.

ಚಿಗುರು ಯಾಕೆ ಬರಲಿಲ್ಲ? ಕಿತ್ತ ಮೇಲೆ ಈ ಗೆಡ್ಡೆ ಎರಡರಿಂದ ನಾಲ್ಕು ತಿಂಗಳು ನಿದ್ದೆ ಮಾಡುತ್ತದೆ. ಆಲೂಗಡ್ಡೆಗೆ ಕಣ್ಣು ಇರ್ತದಲ್ಲ, ಇದಕ್ಕೆ ಅದೂ ಇಲ್ಲ. ನಿದ್ದೆ ಮುಗಿದ ಮೇಲೆಯೇ ಸಿಪ್ಪೆಯ ಕೆಳಗೆ ಹೊಸದಾಗಿ ಮೊಳಕೆ ಹುಟ್ಟಬೇಕು. ಅಲ್ಲಿವರೆಗೆ ಅದಕ್ಕೆ ಬೇರೂ ಇಲ್ಲ, ಎಲೆಯೂ ಇಲ್ಲ, ನೀವು ಹಾಕಿದ ನೀರನ್ನು ಕುಡಿಯೋಕೆ ಏನೂ ಇಲ್ಲ, ಹಸಿ ಮಣ್ಣಲ್ಲಿ ಬಿದ್ದುಕೊಂಡು ಕೊಳೆಯುವುದೊಂದೇ ದಾರಿ. ನಾನೂ ಮೊದಲ ವರ್ಷ ಧಾರವಾಡದ ನಮ್ಮ ಹಿತ್ತಲಲ್ಲಿ ಹೀಗೇ ಮೂರು ಗೆಡ್ಡೆ ಕಳಕೊಂಡೆ. ಇವತ್ತಿಗೂ ಬೇಜಾರಿದೆ. ಅದಕ್ಕೇ ಇಷ್ಟು ಒತ್ತಿ ಹೇಳ್ತಿದ್ದೇನೆ.

ಏಪ್ರಿಲ್ ಹೊತ್ತಿಗೆ ಸಿಪ್ಪೆ ಮೇಲೆ ಸಣ್ಣ ಗುಳ್ಳೆಯಂತೆ ಮೊಳಕೆ ಏಳುತ್ತದೆ. ಆಗ ನೂರು-ನೂರೈವತ್ತು ಗ್ರಾಂ ತೂಗುವ ತುಂಡುಗಳಾಗಿ ಕೊಯ್ಯಿರಿ, ಪ್ರತಿ ತುಂಡಿಗೂ ಸಿಪ್ಪೆ ಇರಲೇಬೇಕು. ಕೊಯ್ದ ಕಡೆ ಒಲೆಯ ಬೂದಿ ಸವರಿ ಎರಡು ದಿನ ನೆರಳಲ್ಲಿ ಒಣಗಿಸಿ. ಬಳ್ಳಿಗೆ ಅಂಟಿಕೊಂಡಿದ್ದ ತಲೆ ಕಡೆಯ ತುಂಡು ಬೇಗ ಚಿಗುರುತ್ತದೆ, ಬಾಲದ ಕಡೆಯದು ತಡ. ರೋಹಿಣಿ ಮಳೆ ಬೀಳುವ ಹೊತ್ತಿಗೆ, ಅಂದರೆ ಮೇ ಕೊನೆಗೆ, ನಾಲ್ಕು ಬೆರಳು ಆಳಕ್ಕೆ ನೆಡಿ.

ಮಣ್ಣಿನ ವಿಷಯದಲ್ಲಿ ಹುಬ್ಬಳ್ಳಿಯವರು ಜಾಸ್ತಿ ಎಚ್ಚರ ಇರಬೇಕು. ಎರೆ ಮಣ್ಣು ಹತ್ತಿಗೆ, ಕಡಲೆಗೆ ಚಂದ. ಆದರೆ ಅದು ಮಳೆಯಲ್ಲಿ ನೀರು ಹಿಡಿದು ಕೂರುತ್ತದೆ, ಒಣಗಿದರೆ ಕಲ್ಲಾಗುತ್ತದೆ, ಗೆಡ್ಡೆ ಇಳಿಯೋಕೆ ಜಾಗ ಕೊಡೋದಿಲ್ಲ. ಮಸಾರಿ ಮಣ್ಣು, ಅಂದರೆ ಕೆಂಪು ಮಣ್ಣು ತರಿಸಿ, ಅದಕ್ಕೆ ಚೆನ್ನಾಗಿ ಕಳಿತ ತಿಪ್ಪೆ ಗೊಬ್ಬರ, ಸ್ವಲ್ಪ ಉಸುಕು ಬೆರೆಸಿ. ಕುಂಡ ಸಾಲದು. ಖಾಲಿ ಗೊಬ್ಬರದ ಚೀಲ ತೊಳೆದು, ತಳದಲ್ಲಿ ತೂತು ಮಾಡಿ ತುಂಬಿ, ಒಂದು ಚೀಲಕ್ಕೆ ಒಂದೇ ತುಂಡು. ಟೆರೇಸ್ ಕಾದರೆ ಚೀಲದ ಕೆಳಗೆ ಎರಡು ಇಟ್ಟಿಗೆ ಇಡಿ.

ಬಳ್ಳಿ ಹತ್ತು ಅಡಿ, ಇಪ್ಪತ್ತು ಅಡಿ ಸುಲಭವಾಗಿ ಏರುತ್ತದೆ, ಹಂದರ ಗಟ್ಟಿ ಹಾಕಿ. ಕಾಂಡವನ್ನು ಮುಟ್ಟಿ ನೋಡಿ: ಚೌಕಾಕಾರ, ಮೂಲೆಗಳಲ್ಲಿ ತೆಳ್ಳಗಿನ ರೆಕ್ಕೆ. ಹೃದಯದಾಕಾರದ ಎಲೆಗಳು ಎದುರುಬದುರು. ಮುಳ್ಳಿನ ಬಳ್ಳಿಯಲ್ಲಿ ಮೂರು ಮೂರು ಎಲೆ ಸೇರಿ ಬಂದರೆ ಅದು ಬೇರೆ ಕಾಡುಗೆಣಸು, ಅದರಲ್ಲಿ ವಿಷ ಇರುವ ಜಾತಿಯೂ ಇದೆ, ದಯವಿಟ್ಟು ತಿನ್ನಬೇಡಿ.

ಜಡಿಮಳೆಯಲ್ಲಿ ಎಲೆ ಮೇಲೆ ಕಪ್ಪು ಚುಕ್ಕೆ ಬಂದರೆ ಆ ಎಲೆಗಳನ್ನು ಕಿತ್ತು ದೂರ ಹಾಕಿ. ಮಳೆ ನಿಂತ ಮೇಲೆ ನೀರು ಹಾಕೋದನ್ನು ನಿಲ್ಲಿಸಬೇಡಿ, ಯಾಕಂದರೆ ಹಗಲು ಕಡಿಮೆಯಾಗುತ್ತಾ ಹೋದಾಗಲೇ ಗೆಡ್ಡೆ ದಪ್ಪ ಆಗೋದು. ದಸರಾಕ್ಕೆ ಅಗೆದು ನೋಡೋ ಆಸೆ ಆಗ್ತದೆ, ತಡೆದುಕೊಳ್ಳಿ. ಡಿಸೆಂಬರ್‌ನಲ್ಲಿ ಎಲೆ ಹಳದಿಯಾಗಿ ಉದುರಿದರೆ ರೋಗ ಅಲ್ಲ, ಅದು ಮತ್ತೆ ಮಲಗುವ ಹೊತ್ತು. ನೀರು ನಿಲ್ಲಿಸಿ, ಸಂಕ್ರಾಂತಿ ಸುಮಾರಿಗೆ ಚೀಲವನ್ನೇ ಕೊಯ್ದು ಗೆಡ್ಡೆ ತೆಗೆಯಿರಿ.

ಹಸಿಯಾಗಿ ತಿನ್ನಬಾರದು, ಹೆಚ್ಚುವಾಗ ಕೈ ತುರಿಸಬಹುದು, ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಿ. ಕುದಿಸಿ ಒಗ್ಗರಣೆ ಹಾಕಿದರೆ ರೊಟ್ಟಿ ಜೊತೆ ಬಹಳ ರುಚಿ. ತಲೆ ಕಡೆಯ ತುಂಡನ್ನು ಮಾತ್ರ ಅಡುಗೆಗೆ ಕೊಡಬೇಡಿ, ಅದು ಮುಂದಿನ ರೋಹಿಣಿಗೆ ಬೇಕು.