ಬೆಳ್ಳಗಾದ ಮಶ್ರೂಮ್ ಹವಳ: ಬಣ್ಣದ ಬಾಟಲ್ ಹಾಕುವ ಮುಂಚೆ

ಅಣ್ಣಾರೇ, ನಿಮ್ಮ ಉಪ್ಪುನೀರಿನ ಟ್ಯಾಂಕಿನ ಹವಳಗಳ ಬಗ್ಗೆ ಕೇಳಿದ್ದನ್ನು ಓದಿದೆ. ಹವಳಕ್ಕೆ ಬಣ್ಣ ಬರಲಿ ಅಂತ ಅಂಗಡಿಯವರು ಕೊಟ್ಟ ಬಾಟಲ್ ಸದ್ಯಕ್ಕೆ ಹಾಗೇ ಇರಲಿ. ಮಶ್ರೂಮ್ ಹವಳ ಬೆಳ್ಳಗಾಗಿದೆ, ಝೋವಾ ಹವಳ ಮಂಕಾಗಿದೆ, ಲೆದರ್ ಹವಳ ನಾಲ್ಕು ದಿನದಿಂದ ಮುದುಡಿದೆ ಅಂದಿರಿ. ಮೂರಕ್ಕೂ ಕಾರಣ ಒಂದೇ ಇರಬೇಕಂತಿಲ್ಲ.

ಫೋಟೋದಲ್ಲಿ ಮಶ್ರೂಮಿನ ಮೈ ಗಟ್ಟಿಯಾಗೇ ಇದೆ, ಬಣ್ಣ ಮಾತ್ರ ಹೋಗಿದೆ. ಅದನ್ನು ನೋಡಿ ನನಗೆ ಸಮಾಧಾನ ಆಯಿತು. ಹವಳದ ಮೈಯೊಳಗೆ ಕಂದು ಬಣ್ಣದ ಸಣ್ಣ ಪಾಚಿ ಇರುತ್ತದೆ. ಅದು ಬೆಳಕಿನಲ್ಲಿ ಆಹಾರ ತಯಾರಿಸಿ ಹವಳಕ್ಕೂ ಕೊಡುತ್ತದೆ. ಬಿಸಿ ಅಥವಾ ಬೆಳಕು ಜಾಸ್ತಿಯಾದರೆ ಹವಳ ಆ ಪಾಚಿಯನ್ನು ಕಳೆದುಕೊಳ್ಳುತ್ತದೆ. ಮೈ ಉಳಿದಿದ್ದರೆ ಪಾಚಿ ಮತ್ತೆ ತುಂಬಿಕೊಳ್ಳಬಹುದು, ಆದರೆ ವಾರಗಟ್ಟಲೆ ಕಾಯಬೇಕು. ಮೈ ಕರಗಿ ಲೋಳೆಯಾಗುತ್ತಿದ್ದರೆ ಮಾತ್ರ ಅದನ್ನು ಕೂಡಲೇ ಹೊರಗೆ ತೆಗೆಯಿರಿ.

ಟಾರ್ಚ್ ಹಿಡಿದು ಮಶ್ರೂಮಿನ ನೆರಳಿನ ಮಗ್ಗುಲು ನೋಡಿ. ಅಲ್ಲಿ ಬಣ್ಣ ಉಳಿದು, ಲೈಟಿನ ಕಡೆಯಷ್ಟೇ ಬೆಳ್ಳಗಿದ್ದರೆ ನೀವು ಹಾಕಿದ ಹೊಸ ಎಲ್‌ಇಡಿ ಲೈಟ್ ಮೇಲೆ ನನ್ನ ಅನುಮಾನ. ಮಶ್ರೂಮಿಗೆ ಜೋರು ಬೆಳಕು ಬೇಡ. ತಳಕ್ಕಿಳಿಸಿ, ಲೈಟ್ ಮೂರನೇ ಒಂದು ಭಾಗ ತಗ್ಗಿಸಿ.

ಬೆಳಿಗ್ಗೆ ಟ್ಯಾಂಕ್ 27 ಡಿಗ್ರಿ ಇದೆ ಅಂತ ಬರೆದಿದ್ದೀರಿ. ಕಲಬುರಗಿ ಮೇ ತಿಂಗಳಲ್ಲಿ ಬೆಳಗಿನ ಲೆಕ್ಕ ನಂಬಬೇಡಿ. ಹೋದ ಬೇಸಿಗೆ ನನ್ನದೂ ಬೆಳಿಗ್ಗೆ 27 ಇತ್ತು, ಮಧ್ಯಾಹ್ನ ಕರೆಂಟ್ ಹೋದ ದಿನ 31 ಆಗಿತ್ತು. ಒಂದು ಝೋವಾ ಕಾಲನಿ ಪೂರ್ತಿ ಹೋಯಿತು, ಇವತ್ತಿಗೂ ಬೇಜಾರು. ನೀರಿನ ಮೇಲೆ ಫ್ಯಾನ್ ಹಾಕಿದ್ದೀರಲ್ಲ, ಅದು ಸರಿ. ನಮ್ಮದು ಒಣ ಬಿಸಿಲು, ನೀರು ಬೇಗ ಆರಿ ತಂಪಾಗುತ್ತದೆ. ಮಂಗಳೂರಿನ ತೇವದಲ್ಲಿ ಇಷ್ಟು ಕೆಲಸ ಮಾಡುವುದಿಲ್ಲ.

ಆದರೆ ಆರಿದ ನೀರಿನ ಜಾಗಕ್ಕೆ ಉಪ್ಪುನೀರೇ ತುಂಬಿಸುತ್ತಿದ್ದೇನೆ ಅಂದಿರಲ್ಲ, ಲೆದರ್ ಮುದುಡಿರುವುದು ಅದಕ್ಕೇ ಇರಬೇಕು. ಆರುವುದು ನೀರು, ಉಪ್ಪು ಒಳಗೇ ಉಳಿಯುತ್ತದೆ. ದಿನಾ ಉಪ್ಪುನೀರು ಹಾಕಿದರೆ ಉಪ್ಪು ಏರುತ್ತಲೇ ಹೋಗುತ್ತದೆ ಅಲ್ವಾ? ಆರ್‌ಓ ಸಿಹಿನೀರು ಮಾತ್ರ ಹಾಕಿ. ಬೋರ್ ನೀರು ಬೇಡವೇ ಬೇಡ. ಉಪ್ಪಿನಂಶ ಅಳೆಯುವ ರಿಫ್ರಾಕ್ಟೋಮೀಟರಿನಲ್ಲಿ ಸಾಪೇಕ್ಷ ಸಾಂದ್ರತೆ 1.025 ಇರಬೇಕು. ಜಾಸ್ತಿ ಇದ್ದರೆ ದಿನಕ್ಕೆ 0.001ರಷ್ಟು ಇಳಿಸಿ, ಒಮ್ಮೆಲೇ ಬೇಡ. ಲೆದರ್ ಮೇಣದಂಥ ಪೊರೆ ಬಿಡುವಾಗಲೂ ಕೆಲವು ದಿನ ಮುದುಡುತ್ತದೆ, ಅದಕ್ಕೆ ಗಾಬರಿ ಬೇಡ.

ನೀರಿನಲ್ಲಿ ಪೋಷಕಾಂಶಗಳಾದ ನೈಟ್ರೇಟ್, ಫಾಸ್ಫೇಟ್ ಎರಡೂ ಸೊನ್ನೆ ಅಂದಿರಿ. ಅದು ಹೆಮ್ಮೆಪಡುವ ವಿಷಯ ಅಲ್ಲ, ಝೋವಾ ಹಸಿದಿದೆ. ಫಾಸ್ಫೇಟ್ ತೆಗೆಯುವ ಆ ಚೀಲ ಹೊರಗಿಡಿ, ಮೀನಿಗೆ ಊಟ ಸ್ವಲ್ಪ ಜಾಸ್ತಿ ಮಾಡಿ. ನೈಟ್ರೇಟ್ 5 ಪಿಪಿಎಂ ಹತ್ತಿರ, ಫಾಸ್ಫೇಟ್ 0.05 ಹತ್ತಿರ ಬಂದರೆ ಸಾಕು. ಇವು ಏರಿಹೋದರೆ ಹವಳ ಬೆಳ್ಳಗಾಗುವ ಬದಲು ಕಂದಾಗುತ್ತದೆ, ಆಗ ನಿಲ್ಲಿಸಿ.

ಝೋವಾ ಮುಟ್ಟುವಾಗ ಗ್ಲೌಸ್, ಕನ್ನಡಕ ಹಾಕಿಕೊಳ್ಳಿ. ಕೆಲವು ಜಾತಿಗಳಲ್ಲಿ ಕಡು ವಿಷ ಇರುತ್ತದೆ. ಝೋವಾ ಅಂಟಿದ ಕಲ್ಲನ್ನು ಕುದಿಸಲೇಬೇಡಿ, ಮಕ್ಕಳನ್ನು ದೂರ ಇಡಿ.

ಇವತ್ತು ಲೈಟ್ ಸರಿಮಾಡಿ, ಉಪ್ಪನ್ನು ನಿಧಾನಕ್ಕೆ ಸರಿಮಾಡಲು ಶುರುಮಾಡಿ. ಮೀನಿನ ಊಟವನ್ನು ನಾಲ್ಕು ದಿನ ಆದ ಮೇಲೆ ನಿಧಾನಕ್ಕೆ ಏರಿಸಿ. ಮಧ್ಯಾಹ್ನ ಮೂರು ಗಂಟೆಯ ಬಿಸಿ ಎಷ್ಟು, ಉಪ್ಪು ಎಷ್ಟು ಅಂತ ನಾಳೆ ಇಲ್ಲೇ ಹಾಕಿ. ಬಿಸಿ 29 ದಾಟಿದ್ದರೆ ನೀರು ತಂಪು ಮಾಡುವ ಚಿಲ್ಲರ್ ಯಂತ್ರದ ವಿಷಯ ಮಾತಾಡೋಣ.