ಗ್ಲುಕಗಾನ್ ಕೊಟ್ಟು ಮೂರು ತಾಸು ಕಾಯಿಸುವುದು ಯಾಕೆ?

ಅಕ್ಕಾ, ರಾಯಚೂರಿನಲ್ಲಿ ಮಗನಿಗೆ ಬರೆದ ಗ್ಲುಕಗಾನ್ ಟೆಸ್ಟಿಗೆ (ಗ್ಲುಕಗಾನ್ ಅಂದರೆ ಸಕ್ಕರೆ ಏರಿಸುವ ಹಾರ್ಮೋನು; ಅದನ್ನು ಚುಚ್ಚಿ, ಬೆಳವಣಿಗೆ ಹಾರ್ಮೋನು ಸಾಕಷ್ಟು ಬರುತ್ತದಾ ಅಂತ ನೋಡುವ ಟೆಸ್ಟ್) ಅಷ್ಟು ಸಲ ರಕ್ತ ಯಾಕೆ, ಒಂದೇ ಸಲ ತೆಗೆದರೆ ಸಾಲದಾ ಅಂತ ಕೇಳಿದ್ದೀರಿ. ಸಾಲದು. ಬೆಳವಣಿಗೆ ಹಾರ್ಮೋನು ಬಿಟ್ಟು ಬಿಟ್ಟು ಬರುತ್ತದೆ, ರಾತ್ರಿ ನಿದ್ದೆಯಲ್ಲಿ ಜಾಸ್ತಿ. ಚೆನ್ನಾಗಿ ಬೆಳೆಯುವ ಮಕ್ಕಳಲ್ಲೂ ಹಗಲು ತೀರಾ ಕಡಿಮೆ ಕಾಣಬಹುದು. ಗ್ಲುಕಗಾನ್ ಚುಚ್ಚಿದರೆ ರಕ್ತದ ಸಕ್ಕರೆ ಮೊದಲು ಏರಿ, ಆಮೇಲೆ ಇಳಿಯುತ್ತದೆ. ಈ ಚುಚ್ಚುಮದ್ದಿಗೆ ಬೆಳವಣಿಗೆ ಹಾರ್ಮೋನು ಏರುವುದು ತಡ, ಹೆಚ್ಚಾಗಿ 2-3 ತಾಸಿನ ಹೊತ್ತಿಗೆ. ಅದು ತಪ್ಪಿಹೋಗದಿರಲಿ ಅಂತ ಅರ್ಧರ್ಧ ತಾಸಿಗೆ ರಕ್ತ. ಸಾಮಾನ್ಯವಾಗಿ ಕೈಗೆ ಕ್ಯಾನುಲಾ (ರಕ್ತನಾಳದಲ್ಲಿ ಇಟ್ಟಿರುವ ಸಣ್ಣ ಕೊಳವೆ) ಹಾಕಿ ಅದರಿಂದಲೇ ತೆಗೆಯುತ್ತಾರೆ, ಪ್ರತಿ ಸಲ ಚುಚ್ಚಲ್ಲ.

ವಾಂತಿ ಆಗಬಹುದು, ಹೆದರಬೇಡಿ. ಆದರೆ ಸಕ್ಕರೆ ಟೆಸ್ಟ್ ಮುಗಿದ ಮೇಲೂ ಇಳಿಯಬಹುದು. ಚೆನ್ನಾಗಿ ಉಣ್ಣಿಸದೆ ಸಿಂಧನೂರು ಬಸ್ ಹತ್ತಲೇಬೇಡಿ. ಬೆವರು, ನಡುಕ ಕಂಡರೆ ತಕ್ಷಣ ಸಿಹಿ ಕೊಟ್ಟು ಡಾಕ್ಟರಿಗೆ ಹೇಳಿ. ಬೆಳವಣಿಗೆ ಹಾರ್ಮೋನು ಕಡಿಮೆ ಬಂದರೂ ಕಂಗಾಲಾಗಬೇಡಿ, ಸಾಮಾನ್ಯವಾಗಿ ಇನ್ನೊಂದು ಬಗೆಯ ಟೆಸ್ಟ್ ಮಾಡಿಯೇ ನಿರ್ಧರಿಸುತ್ತಾರೆ.